‘ಆರವ್’ ಅಂದರೆ ಶಾಂತಿನಾ? ಹೆಸರಿನ ಅರ್ಥ ನೀವೇ ಹುಡುಕಿಕೊಳ್ಳುವ ಬಗೆ

ತಂಗಿಗೆ ಗಂಡು ಮಗು ಹುಟ್ಟಿ ವಾರವಾಗಿತ್ತು. ತೊಟ್ಟಿಲು ಶಾಸ್ತ್ರಕ್ಕೆ ದಿನ ಗೊತ್ತಾಗಿತ್ತು, ಹೆಸರು ಮಾತ್ರ ಗೊತ್ತಾಗಿರಲಿಲ್ಲ. ಮನೆಯ ವಾಟ್ಸಾಪ್ ಗ್ರೂಪಿಗೆ ದಿನಕ್ಕೊಂದು ಪಟ್ಟಿ ಬಂದು ಬೀಳುತ್ತಿತ್ತು. ಕೊನೆಗೆ ಅವಳು ಒಂದನ್ನು ಹಿಡಿದುಕೊಂಡಳು. "ಅಣ್ಣಾ, ಆರವ್ ಅಂತ ಇಡ್ತೀವಿ. ಆರವ್ ಅಂದ್ರೆ ಶಾಂತಿ ಅಂತೆ."

ನನಗೆ ಯಾಕೋ ಅನುಮಾನ ಬಂತು. ಕಲರವದಲ್ಲಿರುವ ‘ರವ’ ಇಲ್ಲೂ ಇದೆಯಲ್ಲ? ರವ ಅಂದರೆ ಸದ್ದು. ಸಂಸ್ಕೃತ ನಿಘಂಟು ತೆಗೆದು ನೋಡಿದೆ. ‘ಆರವ’ಕ್ಕೆ ಕೂಗು, ಅಳು, ಗದ್ದಲ ಅಂತಿತ್ತು. ಶಾಂತಿಗೂ ಅದಕ್ಕೂ ಎಣ್ಣೆ ಸೀಗೇಕಾಯಿ ಸಂಬಂಧ.

ಇಂಥ ಪಟ್ಟಿಗಳಲ್ಲಿ ಒಬ್ಬರು ಬರೆದದ್ದನ್ನು ಇನ್ನೊಬ್ಬರು ಇಳಿಸಿಕೊಂಡಿರುತ್ತಾರೆ. ಎಲ್ಲ ಹೆಣ್ಣುಮಕ್ಕಳ ಹೆಸರಿಗೂ ‘ಲಕ್ಷ್ಮಿ’ ಅಥವಾ ‘ಸುಂದರಿ’, ಎಲ್ಲ ಗಂಡುಮಕ್ಕಳ ಹೆಸರಿಗೂ ‘ಸೂರ್ಯ’ ಅಥವಾ ‘ವಿಷ್ಣು’. ಇದಕ್ಕಿಂತ ನೀವೇ ಹುಡುಕುವುದು ವಾಸಿ. ಅಷ್ಟೇನೂ ಕಷ್ಟವಲ್ಲ. ಒಂದು ಮಾತು ಮಾತ್ರ ಮೊದಲೇ ಹೇಳಿಬಿಡುತ್ತೇನೆ: ಹೆಸರಿಗೆ ಅರ್ಥ ಬೇರೆ, ಕಾರಣ ಬೇರೆ. ಅರ್ಥ ನಿಘಂಟಿನಲ್ಲಿ ಸಿಗುತ್ತದೆ. ಕಾರಣ ಸಿಗುವುದು ಅಜ್ಜಿಯ ಹತ್ತಿರ. ಎರಡನ್ನೂ ಹುಡುಕಬೇಕು.

ಮೊದಲ ಹೆಜ್ಜೆ: ಹೆಸರನ್ನು ಕನ್ನಡದಲ್ಲಿ ಬರೆಯಿರಿ

ಇದು ಚಿಕ್ಕ ಕೆಲಸ, ಆದರೆ ಅರ್ಧ ತಪ್ಪು ಇಲ್ಲೇ ಆಗುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಹ್ರಸ್ವ ಯಾವುದು, ದೀರ್ಘ ಯಾವುದು ಗೊತ್ತಾಗುವುದಿಲ್ಲ. ಮಾಲಾ ಅಂದರೆ ಹಾರ, ಮಲ ಅಂದರೆ ಕೊಳೆ. ವೀಣಾ ಅಂದರೆ ವಾದ್ಯ, ವಿನಾ ಅಂದರೆ ‘ಹೊರತು’. ‘ಅನ್ಯಾ’ ಅಂತ ಹೆಸರಿಡುವವರು ಈಗ ಜಾಸ್ತಿ. ಪಟ್ಟಿಯಲ್ಲಿ ಅದಕ್ಕೆ ‘ಕೃಪೆ’ ಅಂತಿರುತ್ತದೆ. ಅದು ರಷ್ಯದ ‘ಆನ್ಯ’ದ ಅರ್ಥ, ಅನ್ನಾ ಎಂಬ ಹೆಸರಿನಿಂದ ಬಂದದ್ದು. ಕನ್ನಡದಲ್ಲಿ ಬರೆದರೆ ‘ಬೇರೆಯವಳು’ ಅಂತಾಗುತ್ತದೆ. ನಡುವೆ ಇನ್ನೊಂದು ‘ನ’ ಸೇರಿಸಿ ‘ಅನನ್ಯಾ’ ಅಂದುಬಿಟ್ಟರೆ ‘ಅವಳಂತೆ ಇನ್ನೊಬ್ಬಳಿಲ್ಲ’. ಒಂದೇ ಅಕ್ಷರದ ವ್ಯತ್ಯಾಸ, ನೋಡಿ.

ಎರಡನೆಯದು: ಬಾಲ ತೆಗೆದು ನೋಡಿ

ನಮ್ಮ ಹೆಸರುಗಳಲ್ಲಿ ಬೇರು ಒಂದು, ಬಾಲ ಒಂದು. ಅಪ್ಪ, ಅಮ್ಮ, ಅಯ್ಯ, ಅಣ್ಣ, ಅಕ್ಕ, ಅವ್ವ, ಗೌಡ, ಸ್ವಾಮಿ: ಇವೆಲ್ಲ ಬಾಲ. ಅವು ಗೌರವಕ್ಕೆ, ಅಕ್ಕರೆಗೆ. ಅದನ್ನು ಬಿಡಿಸಿದರೆ ಉಳಿಯುವುದೇ ಹೆಸರಿನ ತಿರುಳು. ಕೆಂಪೇಗೌಡರಲ್ಲಿ ಕೆಂಪು. ಕರಿಯಪ್ಪನಲ್ಲಿ ಕಪ್ಪು. ಕಲ್ಲಪ್ಪನಲ್ಲಿ ಕಲ್ಲು, ಗುಂಡಪ್ಪನಲ್ಲಿ ಗುಂಡುಕಲ್ಲು. ಕಿತ್ತೂರು ಚೆನ್ನಮ್ಮನಲ್ಲಿ ‘ಚೆನ್ನ’, ಅಂದರೆ ಚೆಲುವು. ಕುವೆಂಪು ಅವರ ಪೂರ್ತಿ ಹೆಸರು ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ. ಅದರಲ್ಲಿ ಮೊದಲನೆಯದು ಊರು, ಎರಡನೆಯದು ಅಪ್ಪ, ಉಳಿದದ್ದು ಬರೀ ‘ಪುಟ್ಟ’.

ನನಗೆ ತುಂಬ ಇಷ್ಟವಾದ ಹೆಸರು ನಂಜುಂಡ. ನಂಜು ಅಂದರೆ ವಿಷ, ಉಂಡ ಅಂದರೆ ಉಂಡವನು. ಸಮುದ್ರ ಕಡೆದಾಗ ಬಂದ ವಿಷ ಕುಡಿದ ಶಿವ. ಸಂಸ್ಕೃತದವರು ‘ನೀಲಕಂಠ’ ಅಂತ ಕತ್ತಿನ ಬಣ್ಣ ನೋಡಿ ಹೆಸರಿಟ್ಟರು. ನಮ್ಮವರು ‘ಊಟ ಮಾಡಿದ’ ಅಂತ ಇಟ್ಟರು. ನಂಜನಗೂಡಿನ ಸುತ್ತ ನಂಜಪ್ಪ, ನಂಜಮ್ಮ, ನಂಜುಂಡಸ್ವಾಮಿ ಎಲ್ಲರೂ ಆ ಒಂದು ಊಟದಿಂದ ಬಂದವರು.

ಈಗಿನ ಬಾಲ ‘ಏಶ್’. ಅಪ್ಪ ಮಾದಪ್ಪ, ಮಗ ಮಾದೇಶ. ಅಪ್ಪ ಬೀರಪ್ಪ, ಮಗ ಬೀರೇಶ. ಕೊಟ್ರಪ್ಪನ ಮಗ ಕೊಟ್ರೇಶ, ಹಾಲಪ್ಪನ ಮಗ ಹಾಲೇಶ. ಇದು ‘ಈಶ’, ಅಂದರೆ ಒಡೆಯ. ಹೊಸ ಫ್ಯಾಷನ್ ಅಂತ ನಗಬೇಡಿ. 5ನೇ ಶತಮಾನದ ಕದಂಬ ದೊರೆ ಮೃಗೇಶವರ್ಮನ ಹೆಸರಿನಲ್ಲೂ ಈ ‘ಈಶ’ ಇದೆ.

ಮೂರನೆಯದು: ಸವೆದ ಸದ್ದನ್ನು ಗುರುತಿಸಿ

ಬಾಲ ತೆಗೆದ ಮೇಲೂ ಕೆಲವು ಬೇರುಗಳು ಅರ್ಥವಾಗುವುದಿಲ್ಲ. ಬಾಯಿಂದ ಬಾಯಿಗೆ ಬಂದು ಸವೆದಿರುತ್ತವೆ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಯಾಕಂದರೆ ಮಜಾ ಇರುವುದೇ ಇಲ್ಲಿ.

ಪಂಪ, ಪೊನ್ನ, ರನ್ನ. 10ನೇ ಶತಮಾನದ ಮೂವರು ಕವಿಗಳು. ಶಾಲೆಯಲ್ಲಿ ಈ ಮೂರು ಹೆಸರನ್ನು ಒಂದೇ ಉಸಿರಿನಲ್ಲಿ ಬಾಯಿಪಾಠ ಮಾಡಿದ್ದೇವೆ. ಇವುಗಳ ಅರ್ಥವೇನು ಅಂತ ಯಾರೂ ಕೇಳಿಕೊಂಡಿಲ್ಲ, ಅಲ್ವಾ?

ಹಳಗನ್ನಡದ ‘ಪ’ ನಡುಗನ್ನಡದ ಹೊತ್ತಿಗೆ ಬಹಳ ಕಡೆ ‘ಹ’ ಆಯಿತು. ಪಾಲು ಹಾಲಾಯಿತು. ಪುಲಿ ಹುಲಿಯಾಯಿತು. ಪೊನ್ನು ಹೊನ್ನಾಯಿತು. ಅಂದರೆ ಪೊನ್ನ ಅಂದರೆ ಹೊನ್ನ, ಚಿನ್ನ. ಆ ಕವಿ ಇವತ್ತು ಹುಟ್ಟಿದ್ದರೆ ರೇಷನ್ ಕಾರ್ಡಿನಲ್ಲಿ ಹೊನ್ನಪ್ಪ ಅಂತಿರುತ್ತಿತ್ತು. ‘ಹದಿಬದೆಯ ಧರ್ಮ’ ಬರೆದ ಸಂಚಿ ಹೊನ್ನಮ್ಮನದೂ ಇದೇ ಹೆಸರು. ಕೊಡಗಿನಲ್ಲಿ ಮಾತ್ರ ಹಳೆಯ ‘ಪ’ ಹಾಗೇ ಉಳಿದಿದೆ. ಅಲ್ಲಿ ಇವತ್ತಿಗೂ ಪೊನ್ನಪ್ಪ, ಪೊನ್ನಮ್ಮ.

ಅದೇ ಲೆಕ್ಕ ಪಂಪನಿಗೂ ಹಾಕಿ. ಪಂಪೆ ಹಂಪೆಯಾಯಿತು. ತುಂಗಭದ್ರೆಗೆ ಪಂಪಾ ಅಂತ ಹೆಸರು, ಅಲ್ಲಿನ ದೇವಿ ಪಂಪಾಂಬಿಕೆ. ಬಳ್ಳಾರಿ, ರಾಯಚೂರು ಕಡೆಯ ಹಂಪಮ್ಮ, ಹಂಪಯ್ಯ, ಪಂಪಾಪತಿ ಎಲ್ಲ ಒಂದೇ ಬಳ್ಳಿಯ ಕಾಯಿ. ರನ್ನನ ಕಥೆ ಬೇರೆ. ಅದು ಸಂಸ್ಕೃತದ ‘ರತ್ನ’ ಕನ್ನಡದ ಬಾಯಲ್ಲಿ ಮೆತ್ತಗಾದದ್ದು. ಅಂದರೆ ರನ್ನನೂ ಪಕ್ಕದ ಮನೆಯ ರತ್ನಮ್ಮನೂ ಹೆಸರಿನಲ್ಲಿ ಒಂದೇ.

ಹೀಗೆ ಮೆತ್ತಗಾದ ಹೆಸರುಗಳಿಗೆ ತದ್ಭವ ಅನ್ನುತ್ತಾರೆ. ಕೆಲವನ್ನು ನೆನಪಿಟ್ಟುಕೊಂಡರೆ ಸಾಕು. ವೃಷಭದಿಂದ ಬಸವ. ಬ್ರಹ್ಮನಿಂದ ಬೊಮ್ಮ, ಅದರಿಂದ ಬೊಮ್ಮಯ್ಯ. ಯಕ್ಷನಿಂದ ಜಕ್ಕ. ವೀರನಿಂದ ಬೀರ. ಸಿಂಹದಿಂದ ಸಿಂಗ. ಕೃಷ್ಣನಿಂದ ಕನ್ನರ, ರಾಷ್ಟ್ರಕೂಟರ ಮೂರನೇ ಕೃಷ್ಣನನ್ನು ಶಾಸನಗಳು ಕನ್ನರದೇವ ಅಂತಲೇ ಕರೆಯುತ್ತವೆ. ಶ್ರೀಯಿಂದ ಸಿರಿ. ದೇವನಿಂದ ದ್ಯಾವ, ಅದರಿಂದ ದ್ಯಾವಪ್ಪ, ದ್ಯಾವಮ್ಮ. ಆಂಧ್ರದ ಅಹೋಬಲ ನರಸಿಂಹನಿಂದ ಓಬಳ, ಅದರಿಂದ ಓಬಯ್ಯ. ಚಿತ್ರದುರ್ಗದ ಒನಕೆ ಓಬವ್ವನ ಹೆಸರಿನ ಮೂಲವೂ ಅಲ್ಲೇ.

ಇನ್ನು ಹೊಯ್ಸಳರ ಬಿಟ್ಟಿದೇವ. ಮುಂದೆ ಆತ ವಿಷ್ಣುವರ್ಧನ ಅಂತ ಹೆಸರಾದ. ಮತ ಬದಲಾಯಿಸಿ ಹೆಸರು ಬದಲಾಯಿಸಿಕೊಂಡ ಅಂತ ಕಥೆ ಕೇಳಿದ್ದೇವೆ. ಆದರೆ ‘ಬಿಟ್ಟಿ’ ಅನ್ನುವುದು ವಿಷ್ಣುವಿನದೇ ತದ್ಭವ. ಮನೆಯ ಹೆಸರು ಬಿಟ್ಟಿ, ಕಡತದ ಹೆಸರು ವಿಷ್ಣು, ಅಷ್ಟೇ. ಈಗ ನಾವು ‘ಬಿಟ್ಟಿ ಸಿಕ್ಕಿತು’ ಅನ್ನುವ ಬಿಟ್ಟಿ ಬೇರೆ, ಅದು ‘ವಿಷ್ಟಿ’ಯಿಂದ ಬಂದದ್ದು. ವಿಷ್ಟಿ ಅಂದರೆ ಕೂಲಿಯಿಲ್ಲದ ದುಡಿಮೆ. ಪಾಪ, ಎರಡೂ ಸವೆದು ಒಂದೇ ಸದ್ದಾಗಿ ದೊರೆಗೆ ಮುಜುಗರ ತಂದಿವೆ.

ಇಂಥದ್ದನ್ನು ಹುಡುಕಲು ಕಿಟೆಲ್ ನಿಘಂಟು ಒಳ್ಳೆಯ ಗೆಳೆಯ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದದ್ದು, ಯಾವ ಪದ ಯಾವುದರ ತದ್ಭವ ಅಂತ ಪಕ್ಕದಲ್ಲೇ ಗುರುತು ಹಾಕಿದೆ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಜಿಲ್ಲಾ ಗ್ರಂಥಾಲಯದಲ್ಲಿ ಕೇಳಿ ನೋಡಿ. ಮೊಬೈಲಿನಲ್ಲೇ ಆಗಬೇಕು ಅನ್ನುವವರಿಗೆ ‘ಅಲರ್’ ನಿಘಂಟು ಇದೆ. ಅದೂ ಬಿಟ್ಟಿ.

ನಾಲ್ಕನೆಯದು: ಊರು ಯಾವುದು ಅಂತ ಕೇಳಿ

ಹಳೆಯ ಕಾಲದ ಹೆಸರಿಗೆ ಪಿನ್‌ಕೋಡ್ ಇರುತ್ತಿತ್ತು. ಕೊಟ್ರೇಶ ಅಂದರೆ ಕೊಟ್ಟೂರಿನ ಕೊಟ್ಟೂರೇಶ್ವರನ ಭಕ್ತರ ಮನೆ. ಹುಲಿಗೆಮ್ಮ, ಹುಲಿಗೆಪ್ಪ ಅಂದರೆ ಕೊಪ್ಪಳದ ಹತ್ತಿರದ ಹುಲಿಗಿ. ಗವಿಸಿದ್ದಪ್ಪ ಅಂದರೆ ಕೊಪ್ಪಳದ ಗವಿಮಠ. ಶರಣಬಸಪ್ಪ ಅಂದರೆ ಕಲಬುರಗಿ. ಯಲ್ಲಪ್ಪ, ಯಲ್ಲವ್ವ ಅಂದರೆ ಸವದತ್ತಿ. ಮಾದೇಶ, ಮಾದಪ್ಪ ಅಂದರೆ ಚಾಮರಾಜನಗರದ ಮಲೆ ಮಹದೇಶ್ವರ. ಚೆಲುವಯ್ಯ, ಚೆಲುವಮ್ಮ ಅಂದರೆ ಮೇಲುಕೋಟೆಯ ಚೆಲುವನಾರಾಯಣ. ಬಸ್ಸಿನಲ್ಲಿ ಪಕ್ಕ ಕೂತವರ ಹೆಸರು ಕೇಳಿ ಊರಿನ ಕಡೆ ಯಾವುದು ಅಂತ ಊಹಿಸುವುದು ನನ್ನ ಹಳೆಯ ಚಟ. ಹತ್ತಕ್ಕೆ ಏಳು ಸಲ ಸರಿಯಾಗುತ್ತದೆ. ಬೆಂಗಳೂರಿನಲ್ಲಿ ಹುಟ್ಟಿದವರ ಹತ್ತಿರ ಈ ಆಟ ನಡೆಯುವುದಿಲ್ಲ.

ಫಕೀರಪ್ಪ ಎಂಬ ಹೆಸರನ್ನು ಕೇಳಿ ಮೈಸೂರು ಕಡೆಯವರು ತಬ್ಬಿಬ್ಬಾಗುತ್ತಾರೆ. ಫಕೀರ ಅರಬ್ಬಿ ಪದ, ಅಪ್ಪ ಕನ್ನಡ, ಇಟ್ಟುಕೊಂಡವರು ಹಿಂದೂಗಳು. ಗದಗ ಜಿಲ್ಲೆಯ ಶಿರಹಟ್ಟಿಯಲ್ಲಿ ಫಕೀರೇಶ್ವರ ಮಠ ಇದೆ ಅಂತ ಗೊತ್ತಾದರೆ ಒಗಟು ಬಿಡಿಸಿದಂತೆ. ಆ ಕಡೆ ಹುಸೇನಪ್ಪನೂ ಇದ್ದಾನೆ, ಮೊಹರಮ್ ಹಬ್ಬಕ್ಕೆ ಹರಕೆ ಹೊತ್ತು ಹುಟ್ಟಿದವನು.

ತುಳುನಾಡಿಗೆ ಇಳಿದರೆ ಬೇರೆಯೇ ಲೆಕ್ಕ. ಅಲ್ಲಿ ಹುಟ್ಟಿದ ವಾರವೇ ಹೆಸರಾಗುತ್ತಿತ್ತು. ಭಾನುವಾರ ಹುಟ್ಟಿದವನು ಐತ, ಮಂಗಳವಾರದವನು ಅಂಗಾರ, ಗುರುವಾರದವನು ಗುರುವ, ಶುಕ್ರವಾರದವನು ತುಕ್ರ, ಶನಿವಾರದವನು ತನಿಯ. ಅಜ್ಜನ ಹೆಸರು ತನಿಯ ಅಂತಿದ್ದರೆ ಯಾವ ವರ್ಷ ಹುಟ್ಟಿದ ಅಂತ ಗೊತ್ತಿಲ್ಲದಿದ್ದರೂ ವಾರ ಮಾತ್ರ ಗ್ಯಾರಂಟಿ.

ಐದನೆಯದು: ಮನೆಯ ಹಿರಿಯರ ಹತ್ತಿರ ಕೂತು ಕೇಳಿ

ಇದನ್ನು ಮುಂದಕ್ಕೆ ಹಾಕಬೇಡಿ. ನಿಘಂಟು ಎಲ್ಲಿಗೂ ಹೋಗುವುದಿಲ್ಲ.

ತಿಪ್ಪಣ್ಣ, ತಿಪ್ಪಮ್ಮ ಅಂದರೆ ತಿಪ್ಪೆಯಿಂದ ಬಂದ ಹೆಸರು. ಹುಚ್ಚಪ್ಪ, ಹುಚ್ಚಮ್ಮ ಅಂದರೆ ಹುಚ್ಚು. ಮಗುವಿಗೆ ಯಾರಾದರೂ ಇಂಥ ಹೆಸರಿಡುತ್ತಾರಾ ಅಂತ ಈಗಿನ ಮಕ್ಕಳು ನಗುತ್ತಾರೆ. ನಮ್ಮಜ್ಜಿ ಇದಕ್ಕೆ ನಗುತ್ತಿರಲಿಲ್ಲ. ಅವರ ಕಾಲದಲ್ಲಿ ಹುಟ್ಟಿದ ಮಕ್ಕಳೆಲ್ಲ ಉಳಿಯುತ್ತಿರಲಿಲ್ಲ. ಎರಡು ಮೂರು ಮಕ್ಕಳು ಹೋದ ಮೇಲೆ ಹುಟ್ಟಿದ ಮಗುವನ್ನು ತಿಪ್ಪೆಯ ಮೇಲೆ ಮಲಗಿಸಿ, ‘ಬೇಡದ ಮಗು’ ಅಂತ ನಾಟಕ ಆಡಿ, ಮತ್ತೆ ಎತ್ತಿಕೊಂಡು ಬರುತ್ತಿದ್ದರು. ಚೆಂದದ ಹೆಸರಿಟ್ಟರೆ ಸಾವಿನ ಕಣ್ಣು ಬೀಳುತ್ತದೆ ಅನ್ನುವ ಭಯ. ಅಡ್ಡ ಹೆಸರಿಟ್ಟರೆ ಯಮನೂ ಮೂಗು ಮುರಿದು ಮುಂದೆ ಹೋಗುತ್ತಾನೆ ಅನ್ನುವ ಆಸೆ. ಈ ಹೆಸರುಗಳ ಅರ್ಥ ತಿಪ್ಪೆ. ಕಾರಣ, ‘ಈ ಮಗುವಾದರೂ ಉಳಿಯಲಿ’. ಊರಿನಲ್ಲಿ ತಿಪ್ಪಣ್ಣ ಎಂಬುವರು ಎಂಬತ್ತು ವರ್ಷ ಬದುಕಿದ್ದರೆ ಹೆಸರು ಕೆಲಸ ಮಾಡಿತು ಅಂತಲೇ ಹಿರಿಯರ ಲೆಕ್ಕ.

ಆದರೆ ಹುಷಾರು. ಎಲ್ಲ ತಿಪ್ಪೇಸ್ವಾಮಿಗಳ ಹಿಂದೆಯೂ ಈ ಕಥೆ ಇಲ್ಲ. ಚಿತ್ರದುರ್ಗ ಜಿಲ್ಲೆಯ ನಾಯಕನಹಟ್ಟಿಯಲ್ಲಿ ತಿಪ್ಪೇರುದ್ರಸ್ವಾಮಿ ಇದ್ದಾರೆ. ಆ ಭಾಗದಲ್ಲಿ ದೇವರ ಹೆಸರು ಅಂತಲೇ ಇಡುತ್ತಾರೆ. ಯಾವುದು ಅಂತ ಮನೆಯವರೇ ಹೇಳಬೇಕು. ಸಾಕಮ್ಮನೂ ಹಾಗೇ. ಕೆಲವು ಮನೆಯಲ್ಲಿ ಅದು ‘ಸಾಕಿ ಸಲಹುವ ತಾಯಿ’. ಇನ್ನು ಕೆಲವು ಮನೆಯಲ್ಲಿ, ಸಾಲಾಗಿ ಹೆಣ್ಣು ಹುಟ್ಟಿದ ಮೇಲೆ, ‘ಇನ್ನು ಸಾಕು’. ಪಕ್ಕದ ಮಹಾರಾಷ್ಟ್ರದಲ್ಲಿ ‘ನಕೋಶಿ’ ಅಂತಲೇ ಇಡುತ್ತಿದ್ದರು, ಅಂದರೆ ಬೇಡವಾದವಳು. 2011ರಲ್ಲಿ ಸಾತಾರಾ ಜಿಲ್ಲೆಯಲ್ಲಿ ಇನ್ನೂರಕ್ಕೂ ಹೆಚ್ಚು ನಕೋಶಿಯರಿಗೆ ಹೊಸ ಹೆಸರು ಕೊಟ್ಟರು.

ಕಾರಣ ಗೊತ್ತಿಲ್ಲದೆ ಅರ್ಥ ಕಟ್ಟಿದರೆ ಏನಾಗುತ್ತದೆ ಅನ್ನುವುದಕ್ಕೆ ಟಿಪ್ಪು ಸುಲ್ತಾನನ ಹೆಸರೇ ಸಾಕ್ಷಿ. ‘ಟಿಪ್ಪು ಅಂದರೆ ಕನ್ನಡದಲ್ಲಿ ಹುಲಿ’ ಅಂತ ಕೆಲವು ಹಳೆಯ ಇಂಗ್ಲಿಷ್ ಪುಸ್ತಕಗಳಲ್ಲಿ ಬರೆದಿದ್ದಾರೆ. ಕನ್ನಡ ಬಲ್ಲ ಯಾರನ್ನಾದರೂ ಕೇಳಿದ್ದರೆ ಹುಲಿಗೆ ಹುಲಿ ಅಂತಲೇ ಹೇಳುತ್ತೇವೆ ಅಂದಿರುತ್ತಿದ್ದರು. ಹೆಸರು ಬಂದದ್ದು ಆರ್ಕಾಟಿನ ಸಂತ ಟಿಪ್ಪು ಮಸ್ತಾನ್ ಔಲಿಯಾ ಅವರಿಂದ. ಅಲ್ಲೂ ಹರಕೆಯೇ. ನಿಜವಾಗಿ ಕಾಡುಪ್ರಾಣಿ ಇರುವುದು ಅಪ್ಪನ ಹೆಸರಿನಲ್ಲಿ. ಹೈದರ್ ಅಂದರೆ ಅರಬ್ಬಿಯಲ್ಲಿ ಸಿಂಹ.

ಆರನೆಯದು: ಸಂಸ್ಕೃತದ ಹೆಸರನ್ನು ಸರಿಯಾದ ಕಡೆ ಕತ್ತರಿಸಿ

ಈಗಿನ ಹೆಸರುಗಳಲ್ಲಿ ಬಹುಪಾಲು ಸಂಸ್ಕೃತದವು. ಎರಡು ಸೂತ್ರ ಗೊತ್ತಿದ್ದರೆ ಅರ್ಧ ಕೆಲಸ ಮುಗಿಯಿತು.

ಒಂದು, ಮುಂದೆ ‘ಅ’ ಅಥವಾ ‘ಅನ್’ ಇದ್ದರೆ ಸಾಮಾನ್ಯವಾಗಿ ‘ಇಲ್ಲ’ ಅಂತ. ಅಘ ಅಂದರೆ ಪಾಪ, ಅನಘ ಅಂದರೆ ಪಾಪ ಇಲ್ಲದವನು. ನಿಕೇತ ಅಂದರೆ ಮನೆ. ಅನಿಕೇತ ಅಂದರೆ ಮನೆಯೇ ಇಲ್ಲದವನು, ಹೋಮ್ ಲೋನ್ ಕಟ್ಟುತ್ತಿರುವ ಅಪ್ಪಂದಿರು ಗಮನಿಸಿ. ತಮಾಷೆ ಬಿಡಿ, ಅದು ಭಗವದ್ಗೀತೆಯ ಮಾತು, ಯಾವುದಕ್ಕೂ ಅಂಟಿಕೊಳ್ಳದವನು ಅಂತ.

ಎರಡು, ಮೊದಲ ಸ್ವರ ಹಿಗ್ಗಿದರೆ ಮಗ, ಮಗಳು ಅಥವಾ ಆ ಕಡೆಯವರು ಅಂತ. ವಸುದೇವನ ಮಗ ವಾಸುದೇವ. ಜನಕನ ಮಗಳು ಜಾನಕಿ. ಪರ್ವತನ ಮಗಳು ಪಾರ್ವತಿ. ವಿದೇಹದವಳು ವೈದೇಹಿ, ಮಿಥಿಲೆಯವಳು ಮೈಥಿಲಿ. ಸೀತೆಗೆ ಇಷ್ಟೆಲ್ಲ ಹೆಸರಿದ್ದರೂ ‘ಸೀತಾ’ ಅಂದರೆ ನೇಗಿಲ ಸಾಲು. ಹೊಲದವರಿಗೆ ಇದು ಬೇಗ ಹಿಡಿಸುತ್ತದೆ.

ಕತ್ತರಿಸುವ ಜಾಗ ತಪ್ಪಿದರೆ ಅರ್ಥವೂ ತಪ್ಪುತ್ತದೆ. ನಿಶಾಂತ್ ಎಂಬುದನ್ನು ನಿಶಾ, ಅಂತ ಅಂತ ಒಡೆದರೆ ಇರುಳಿನ ಕೊನೆ, ಬೆಳಗಿನ ಜಾವ. ನಿ, ಶಾಂತ ಅಂತ ಒಡೆದರೆ ತಣ್ಣಗಿರುವವನು. ಎರಡೂ ಸರಿ. ಹೇಮಂತದಲ್ಲಿ ‘ಹೇಮ’ ಕಂಡು ಚಿನ್ನ ಅನ್ನುತ್ತಾರೆ. ಅಲ್ಲ, ಅದು ಹಿಮಕ್ಕೆ ಸೇರಿದ್ದು, ಚಳಿಯ ಋತು. ಅನುಮಾನ ಬಂದರೆ 1899ರ ಮೋನಿಯರ್ ವಿಲಿಯಮ್ಸ್ ಸಂಸ್ಕೃತ ನಿಘಂಟು ನೋಡಿ, ಅಂತರ್ಜಾಲದಲ್ಲಿ ಪೂರ್ತಿ ಸಿಗುತ್ತದೆ. ನಾನು ‘ಆರವ’ ಹುಡುಕಿದ್ದು ಅಲ್ಲೇ. ಅಲ್ಲೂ ಇಲ್ಲ, ಕನ್ನಡ ನಿಘಂಟಿನಲ್ಲೂ ಇಲ್ಲ ಅಂದರೆ ಅದು ಇತ್ತೀಚೆಗೆ ಕಟ್ಟಿದ ಹೆಸರೋ ಹೊರಗಿಂದ ಬಂದದ್ದೋ ಆಗಿರಬಹುದು. ಕಟ್ಟಿದ ಹೆಸರು ಇಡಬಾರದು ಅಂತೇನಿಲ್ಲ. ಅದಕ್ಕೆ ವೇದಕಾಲದ ಅರ್ಥ ಅಂಟಿಸಬಾರದು, ಅಷ್ಟೇ. ಇದರಲ್ಲಿ ಜ್ಯೋತಿಷ್ಯದ ಪಾಲೂ ಇದೆ. ಹಸ್ತ ನಕ್ಷತ್ರದ ನಾಲ್ಕು ಪಾದಗಳಿಗೆ ಪು, ಷ, ಣ, ಠ ಅಕ್ಷರಗಳು. ‘ಣ’ದಿಂದ ಶುರುವಾಗುವ ಹೆಸರು ಬೇಕು ಅಂದರೆ ಪಾಪ ಯಾರು ಏನು ಮಾಡಿಯಾರು?

ಏಳನೆಯದು: ಹೊರಗಿಂದ ಬಂದ ಹೆಸರಿಗೆ ಅದರ ಮನೆಯನ್ನೇ ಹುಡುಕಿ

ಅಬ್ದುಲ್ ಅಂದರೆ ಅರಬ್ಬಿಯಲ್ಲಿ ‘ಇಂಥವರ ಸೇವಕ’. ಮುಂದೆ ದೇವರ ಹೆಸರು ಬರಲೇಬೇಕು, ಅಬ್ದುಲ್ ರಹಮಾನ್ ಅಂದಂತೆ. ಬರೀ ಅಬ್ದುಲ್ ಅಂದರೆ ಮಾತು ಅರ್ಧಕ್ಕೆ ನಿಂತಂತೆ. ನಮ್ಮ ರಾಮದಾಸನಲ್ಲಿ ರಾಮನನ್ನು ತೆಗೆದ ಹಾಗೆ.

ಕಿಯಾರಾ ಇದಕ್ಕಿಂತ ಗಮ್ಮತ್ತಿನದು. ಇಟಲಿಯ ‘ಕಿಯಾರಾ’ದಿಂದ ಬಂದಿದ್ದರೆ ಬೆಳಕು, ಹೊಳಪು. ಐರ್ಲೆಂಡಿನ ‘ಕೀರಾ’ದಿಂದ ಬಂದಿದ್ದರೆ ಕಪ್ಪು. ಅಂದರೆ ಒಂದು ಲೆಕ್ಕಕ್ಕೆ ಬೆಳ್ಳಿಯಮ್ಮ, ಇನ್ನೊಂದು ಲೆಕ್ಕಕ್ಕೆ ಕರಿಯಮ್ಮ. ಮೈರಾ ಎಂಬುದು ಇಂಗ್ಲೆಂಡಿನ ಕವಿ ಫುಲ್ಕ್ ಗ್ರೆವಿಲ್ ತನ್ನ ಪದ್ಯಗಳಿಗಾಗಿ ಕಟ್ಟಿದ ಹೆಸರು. ಆತ ತೀರಿಕೊಂಡದ್ದು 1628ರಲ್ಲಿ.

ಹೊರಗಿನವು ಅಂದುಕೊಂಡವು ಎಷ್ಟೋ ಸಲ ನಮ್ಮವೇ ಆಗಿರುತ್ತವೆ. ಪೀಟರ್ ಅಂದರೆ ಗ್ರೀಕಿನಲ್ಲಿ ಬಂಡೆ, ಅಂದರೆ ನಮ್ಮ ಕಲ್ಲಪ್ಪ. ಪಾಲ್ ಅಂದರೆ ಲ್ಯಾಟಿನ್ನಿನಲ್ಲಿ ಚಿಕ್ಕವನು, ಅಂದರೆ ಪುಟ್ಟಪ್ಪ. ತಮಿಳು ಕ್ಯಾಥೊಲಿಕರು ಸಂತ ಪೌಲನನ್ನು ‘ಚಿನ್ನಪ್ಪರ್’ ಅಂತಲೇ ಕರೆದರು. ಹಾಗಾಗಿ ಚಿನ್ನಪ್ಪ ಎಂಬ ಹೆಸರು ಎದುರಾದರೆ ಮೂರು ಸಲ ಯೋಚಿಸಿ. ಮನೆಮಾತು ಕನ್ನಡವಾದರೆ ಚಿನ್ನ, ಬಂಗಾರ. ತೆಲುಗು, ತಮಿಳಾದರೆ ಚಿಕ್ಕವನು. ಚರ್ಚಿಗೆ ಹೋಗುವವರಾದರೆ ಸಂತ ಪೌಲ. ಇನ್ನಾಸಪ್ಪ ಅಂದರೆ ಇಗ್ನೇಷಿಯಸ್, ಚೌರಪ್ಪ ಅಂದರೆ ಜೇವಿಯರ್.

ಹೆಸರಿಡುವವರಿಗೆ ಎರಡು ಮಾತು

ಅವಸರ ಬೇಡ. ಮಗುವಿನ ಜನನ ನೋಂದಣಿ ಹೆಸರಿಲ್ಲದೆಯೂ ಆಗುತ್ತದೆ. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ, ನೋಂದಣಿಯಾದ 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಆಮೇಲೆ 15 ವರ್ಷದವರೆಗೆ ತಡವಾದ ಶುಲ್ಕ ಕಟ್ಟಿ ಸೇರಿಸಬಹುದು. ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಹೇಗೆ ಬರೆಯಬೇಕು ಅಂತ ಮನೆಯಲ್ಲೇ ತೀರ್ಮಾನಿಸಿ ಹೋಗಿ. ಕೌಂಟರಿನ ಮುಂದೆ ನಿಂತು ಯೋಚಿಸಿದರೆ ಆಮೇಲೆ ಆಧಾರ್, ಅಂಕಪಟ್ಟಿ ಅಂತ ತಿದ್ದಿಸಿಕೊಂಡು ಅಲೆಯಬೇಕಾಗುತ್ತದೆ.

ಅಜ್ಜನ ಹೆಸರು ಉಳಿಸಬೇಕು, ಆದರೆ ಹಳೆಯದಾಯಿತು ಅನ್ನುವವರು ಅರ್ಥವನ್ನು ಉಳಿಸಿಕೊಳ್ಳಬಹುದು. ಕೆಂಪಯ್ಯನ ಮೊಮ್ಮಗ ರೋಹಿತ್ ಆಗಬಹುದು, ರೋಹಿತ ಅಂದರೂ ಕೆಂಪೇ. ನಂಜುಂಡಪ್ಪನ ಮೊಮ್ಮಗ ಶ್ರೀಕಂಠ, ಹೊನ್ನಮ್ಮನ ಮೊಮ್ಮಗಳು ಕನಕ. ನನ್ನನ್ನು ಕೇಳಿದರೆ ಅಷ್ಟೂ ಬೇಡ. ಸಿರಿ, ಇಂಚರ, ನೇಸರ ಇಂಥ ಕನ್ನಡದ ಹೆಸರು ಕರೆಯಲೂ ಸುಲಭ, ಅರ್ಥ ಹುಡುಕಲು ನಿಘಂಟೂ ಬೇಡ.

ತಂಗಿಗೂ ಇದನ್ನೆಲ್ಲ ಹೇಳಿದೆ. ಆರವ ಅಂದರೆ ಕೂಗು, ಅಳು ಅಂತ ನಿಘಂಟಿನ ಪುಟವನ್ನೇ ಫೋಟೋ ತೆಗೆದು ಕಳಿಸಿದೆ. ಎರಡು ದಿನ ಉತ್ತರ ಇಲ್ಲ. ತೊಟ್ಟಿಲು ಶಾಸ್ತ್ರದ ದಿನ ಹೋದರೆ ಬೋರ್ಡಿನ ಮೇಲೆ ದೊಡ್ಡದಾಗಿ ಆರವ್ ಅಂತಲೇ ಬರೆಸಿದ್ದರು. ನಾನು ಮುಖ ನೋಡಿದ್ದಕ್ಕೆ ಕಣ್ಣು ಉಜ್ಜಿಕೊಳ್ಳುತ್ತಾ ಹೇಳಿದಳು: "ನೀನು ಹೇಳಿದ ಅರ್ಥವೇ ಸರಿ ಬಿಡಣ್ಣ. ಹತ್ತು ದಿನದಿಂದ ರಾತ್ರಿ ಒಂದು ಗಂಟೆ ನಿದ್ದೆ ಮಾಡಕ್ಕೆ ಬಿಟ್ಟಿಲ್ಲ ಇವನು."